ಈಜುಕೊಳದ ಒತ್ತುವರಿ

ವೇದಿಕೆಯನ್ನು ಅಲಂಕರಿಸಿರುವ ಹಡಗಿನ ನಿವಾಸಿಗಳ ಸಂಘದ ಅಧ್ಯಕ್ಷರೇ, ಬಿಡುವು ಮಾಡಿಕೊಂಡು ಬಂದಿರುವ ಕ್ಯಾಪ್ಟನ್ ಸಾಹೇಬರೇ (ಹಡಗನ್ನು ಯಾರಿಗಾದರೂ ಒಪ್ಪಿಸಿ ಬಂದಿದ್ದೀರಿ ಎಂದು ನಂಬಿದ್ದೇನೆ), ಗೆರೆಯ ಎಡಕ್ಕೆ ಕುಳಿತಿರುವ ಸಭಿಕರೇ, ಬಲಕ್ಕೆ ಕುಳಿತಿರುವ ಸಭಿಕರೇ,

ಸನ್ಮಾನ ನನ್ನ ಯಜಮಾನರಿಗೆ. ಮಾತಾಡಲು ನಿಂತವಳು ನಾನು. ಅವರು ಬಂದಿಲ್ಲ. ಯಾಕೆ ಬಂದಿಲ್ಲ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗಾಬರಿಯಾಗಬೇಡಿ, ಬಹಳ ಹಿಂದಕ್ಕೇನಲ್ಲ.

ಅವರು ಸರ್ವೆಯರ್ ಆಗಿದ್ದವರು. ಬದುಕಿಡೀ ಏನು ಮಾಡಿದರು? ಅಳೆದರು. ಅಣ್ಣನ ಜಾಗ ಎಲ್ಲಿಯವರೆಗೆ, ತಮ್ಮನ ಜಾಗ ಎಲ್ಲಿಂದ ಎಂದು ಅಳೆದರು. ಗೆರೆ ಎಳೆದರು, ಎರಡೂ ಕಡೆಯವರಿಂದ ಬೈಸಿಕೊಂಡರು. ಒಬ್ಬರು ಇವರ ಮೇಲೆ ನಾಯಿ ಬಿಟ್ಟರು, ಇನ್ನೊಬ್ಬರು ಟೇಪನ್ನೇ ಬಾವಿಗೆ ಎಸೆದರು. ನಿವೃತ್ತರಾದ ದಿನ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದರು, “ಬೇಲಿ ಹಾಕೋಕೆ ಆಗದೇ ಇರೋ ಜಾಗದಲ್ಲಿ ಬದುಕಬೇಕು ಕಣೇ.”

“ಅಂಥಾದ್ದು ಎಲ್ಲಿದೆ?”

“ಸಮುದ್ರ!”

ಮನೆ ಮಾರಿದೆವು. ನಾನು ಪ್ರಾಯದ ದಿನಗಳಿಂದ ನಡೆಸಿಕೊಂಡು ಬಂದಿದ್ದ ಔಷಧಿ ಅಂಗಡಿಯೂ ಹೋಯಿತು. ಈ ಹಡಗಿನಲ್ಲಿ ಒಂದು ಕ್ಯಾಬಿನ್ ಕೊಂಡು ಕಾಯಂ ಆಗಿ ಬಂದುಬಿಟ್ಟೆವು. ಅಂಗಡಿ ಮಾರುವಾಗ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ ಎನ್ನುವುದು ಬೇರೆ ವಿಷಯ. ಅದನ್ನು ಇಲ್ಲಿ ಎತ್ತುವುದಿಲ್ಲ.

ಮೊದಮೊದಲು ಅವರು ಹಡಗಿನ ಅಂಚಿನ ಕಂಬಿ ಹಿಡಿದು ನಿಂತು, ನೀರಿನ ಮೇಲೆ ಕೈ ಬೀಸಿ, “ನೋಡು, ಎಲ್ಲಾದರೂ ಒಂದು ಗಡಿಕಲ್ಲು ಕಾಣುತ್ತಾ?” ಎಂದು ಮಕ್ಕಳಂತೆ ಹಿಗ್ಗುತ್ತಿದ್ದರು. ಆಮೇಲೆ ಡೆಕ್ಕಿನ ಕುರ್ಚಿಗಳ ಜಗಳ ಶುರುವಾಯಿತು. ನಿವೃತ್ತ ನ್ಯಾಯಾಧೀಶರು ಟವೆಲ್ ಹಾಸಿದ್ದ ಕುರ್ಚಿಯಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್ ಕುಳಿತಿದ್ದರು. ಇಬ್ಬರೂ ಇಲ್ಲೇ ಇದ್ದೀರಿ, ತಪ್ಪು ತಿಳಿಯಬೇಡಿ. “ನಿಮಗೆ ಸರ್ವೆ ಗೊತ್ತಂತಲ್ಲ, ಬಂದು ಸ್ವಲ್ಪ ನೋಡಿ” ಎಂದು ಕರೆದದ್ದು ನೀವೇ ತಾನೇ? ಆಗ ನಾನು ನನ್ನ ಯಜಮಾನರ ಕಣ್ಣು ನೋಡಿದೆ. ಮದುವೆಯ ದಿನವೂ ಆ ಕಣ್ಣು ಹಾಗೆ ಹೊಳೆದಿರಲಿಲ್ಲ. ಪೆಟ್ಟಿಗೆಯ ತಳದಿಂದ, ನನ್ನದೇ ಶಾಲಿನಲ್ಲಿ ಸುತ್ತಿಟ್ಟಿದ್ದ ಟೇಪು ಹೊರಗೆ ಬಂತು.

ಡೆಕ್ಕಿಗೆ ಗೆರೆ ಬಿತ್ತು. ಊಟದ ಹಾಲಿಗೆ ಬಿತ್ತು. ಲಿಫ್ಟಿನೊಳಗೂ ಬಿತ್ತು. ಕೊನೆಗೆ ಈಜುಕೊಳವೂ ಎರಡು ಪಾಲಾಯಿತು. ಆದರೆ ಹಡಗು ವಾಲುತ್ತದಲ್ಲ? ವಾಲಿದ ಕಡೆಗೆ ನೀರು ಹೋಗುತ್ತದಲ್ಲ? ನ್ಯಾಯಾಧೀಶರು ಒದ್ದೆ ಚಡ್ಡಿಯಲ್ಲೇ ನಮ್ಮ ಬಾಗಿಲಿಗೆ ಬಂದರು.

“ನನ್ನ ಪಾಲಿನ ನೀರು ದಿನಾ ಅವರ ಕಡೆ ಹೋಗ್ತಿದೆ ಸ್ವಾಮಿ. ಇದು ಒತ್ತುವರಿ ಅಲ್ವಾ?”

ಬೆನ್ನಿಗೇ ಬಂದ ಹೆಡ್‌ಮಿಸ್ಟ್ರೆಸ್, “ಹೋದಷ್ಟೂ ವಾಪಸ್ ಬರ್ತಿದೆಯಲ್ರೀ!” ಎಂದರು.

“ಬರೋದು ನನ್ನ ನೀರೇ ಅಂತ ಏನು ಗ್ಯಾರಂಟಿ?”

ನನ್ನ ಯಜಮಾನರು ಗಂಭೀರವಾಗಿ ತೀರ್ಪು ಕೊಟ್ಟರು: ಹಡಗು ವಾಲಕೂಡದು. ಅದನ್ನು ಕ್ಯಾಪ್ಟನ್ ಸಾಹೇಬರಿಗೆ ಮುಟ್ಟಿಸುವ ಭಾಗ್ಯ ನನ್ನದಾಯಿತು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, “ಆಯ್ತಮ್ಮ, ಸಮುದ್ರಕ್ಕೆ ಒಂದು ಮಾತು ಹೇಳಿ ನೋಡ್ತೀನಿ” ಎಂದರು. ದೊಡ್ಡ ಮನುಷ್ಯರು.

ಆಮೇಲೆ ಒಂದು ದಿನ ನನ್ನ ಹೊದಿಕೆಯ ತುದಿ ನನ್ನ ಯಜಮಾನರ ಮಂಚದ ಕಡೆಗೆ ಜಾರಿತು. ಅಷ್ಟೇ. ಸಂಜೆಯ ಹೊತ್ತಿಗೆ ನಮ್ಮ ಕ್ಯಾಬಿನ್ನಿನ ನಡುವೆಯೂ ಸೀಮೆಸುಣ್ಣದ ಗೆರೆ. ಕಿಟಕಿ ಅವರ ಪಾಲಿಗೆ, ಬಾಗಿಲು ನನ್ನ ಪಾಲಿಗೆ. ಸಮುದ್ರ ನೋಡಬೇಕಾದರೆ ನಾನು ಅವರನ್ನು ಕೇಳಬೇಕು, ಹೊರಗೆ ಹೋಗಬೇಕಾದರೆ ಅವರು ನನ್ನನ್ನು ಕೇಳಬೇಕು. ಕೇಳುವುದಕ್ಕೆ ಇಬ್ಬರಿಗೂ ಸೊಕ್ಕು. ಅವರು ಊಟಕ್ಕೆ ಹೋಗಲಿಲ್ಲ. ನಾನು ಸಮುದ್ರ ನೋಡಲಿಲ್ಲ. ಸಮುದ್ರದ ಮೇಲೇ ಇದ್ದುಕೊಂಡು!

ಕಳೆದ ವಾರದ ಬಿರುಗಾಳಿ ನೆನಪಿದೆಯಲ್ಲ? ಅವರ ಚಪ್ಪಲಿ ನನ್ನ ಕಡೆಗೆ ಬಂತು, ನನ್ನ ಬಾಚಣಿಗೆ ಅವರ ಕಡೆಗೆ ಹೋಯಿತು. ಅವರು ಮಂಚದಿಂದ ಬಿದ್ದು, ಅಂಬೆಗಾಲಿಟ್ಟು ಗೆರೆಯವರೆಗೆ ಬಂದರು. ಬಂದು ನಿಂತುಬಿಟ್ಟರು.

“ಹೆದರಿಕೆ ಆಗ್ತಿದೆ ಕಣೇ. ಆ ಕಡೆ ಬರಲಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಹಡಗೇ ವಾಲಿ, ಅವರನ್ನು ತಂದು ನನ್ನ ಮಡಿಲಿಗೆ ಹಾಕಿತು.

“ಒತ್ತುವರಿ” ಎಂದೆ.

“ಹೂಂ” ಎಂದರು. ಆಮೇಲೆ ವಾಂತಿ ಮಾಡಿಕೊಂಡರು. ನಾನು ಬಕೆಟ್ ಹಿಡಿದೆ. ಬಕೆಟ್ಟಿನೊಳಗೆ ಮುಖವಿಟ್ಟುಕೊಂಡೇ ಅವರು, “ಅಂಗಡಿ ಮಾರೋ ಮುಂಚೆ ನಿನ್ನನ್ನ ಕೇಳಬೇಕಿತ್ತು” ಎಂದರು.

ಕ್ಷಮಿಸಿ, ಒಂದು ಗುಟುಕು ನೀರು ಕುಡಿಯುತ್ತೇನೆ.

ಮಾರನೆಯ ದಿನ ಅವರು ಒದ್ದೆ ಬಟ್ಟೆ ಹಿಡಿದು ನಮ್ಮ ಗೆರೆ ಅಳಿಸಿದರು. ಡೆಕ್ಕಿನದು, ಊಟದ ಹಾಲಿನದು, ಲಿಫ್ಟಿನದು, ಎಲ್ಲವನ್ನೂ ಉಜ್ಜಿದರು. ಈ ಸಭಾಂಗಣಕ್ಕೆ ಬರುವಷ್ಟರಲ್ಲಿ ನೀವು ಅವರ ಕೈಯಿಂದ ಆ ಒದ್ದೆ ಬಟ್ಟೆ ಕಿತ್ತುಕೊಂಡಿರಿ. “ಗೆರೆ ಇಲ್ಲದಿದ್ದರೆ ನಾವೆಲ್ಲಿ ಕೂರೋದು?” ಎಂದು ಕೂಗಾಡಿದಿರಿ. ಅವರು ಮತ್ತೆ ಗೆರೆ ಎಳೆಯಲಿ ಎಂದೇ ಈ ಶಾಲು, ಈ ಹಾರ, ಬಂಗಾರದ ಲೇಪ ಹಾಕಿದ ಈ ಟೇಪು. ನಮಗೆ ಅರ್ಥವಾಗುವುದಿಲ್ಲವೇ?

ಬೆಳಿಗ್ಗೆ ಅವರು ನನಗೆ ಹೇಳಿದರು, “ನೀನೇ ಹೋಗಿ ವಾಪಸ್ ಕೊಟ್ಟು ಬಾ. ನಾನು ಬಂದರೆ ಆಸೆ ಆಗುತ್ತೆ.”

ಆದ್ದರಿಂದ ಟೇಪನ್ನು ಈ ಮೇಜಿನ ಮೇಲೆ ಇಡುತ್ತಿದ್ದೇನೆ. ಇನ್ನು ಅದು ಯಾರಿಗೆ ಸೇರಬೇಕು ಎಂದು ಮಾತ್ರ ನಮ್ಮನ್ನು ಕೇಳಬೇಡಿ. ನ್ಯಾಯಾಧೀಶರೇ, ದಯವಿಟ್ಟು ಕೂತುಕೊಳ್ಳಿ. ಹೆಡ್‌ಮಿಸ್ಟ್ರೆಸ್ ಅವರೇ, ನೀವೂ.

ಇಷ್ಟು ಹೊತ್ತು ಎಲ್ಲರೂ ಒಂದೇ ಕಡೆಗೆ ಮುಖ ಮಾಡಿ ಕುಳಿತಿದ್ದಿರಿ. ಅದಕ್ಕಾಗಿ ನಿಮಗೆ ನನ್ನ ಅನಂತ ವಂದನೆಗಳು. ನಮಸ್ಕಾರ.