ಮೇಷ್ಟ್ರ ಪಾಲಿನ ಗಿಣ್ಣು

ದನಗಳು ಗಬ್ಬ ಕಟ್ಟುವ ವಿದ್ಯೆಯನ್ನೇ ಮೈಸೂರಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾಗಿದ್ದ ಪ್ರೊಫೆಸರ್ ರಾಮಲಿಂಗಯ್ಯನವರು, ಎಪ್ಪತ್ತೈದು ತುಂಬಿದ ಆ ಬೆಳಿಗ್ಗೆ ಸನ್ಮಾನಕ್ಕೆಂದು ಹೊಸ ಕೋಟು ತೊಟ್ಟು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸು ಕಾಯುತ್ತಿದ್ದರು. ಪಕ್ಕದಲ್ಲೇ, ತಪ್ಪಲೆ ಹಿಡಿದು ಹನೂರು ಬಸ್ಸಿಳಿದ ಹೆಂಗಸೊಬ್ಬಳನ್ನು ಪರಿಚಯದವಳು ನಿಲ್ಲಿಸಿಕೊಂಡಳು.

“ತಪ್ಪಲೇಲಿ ಏನು ಪುಟ್ಟಮಲ್ಲಕ್ಕ?”

“ಗಿಣ್ಣು ಕಣವ್ವ. ನಮ್ ಕೆಂಪಿ ಕರ ಆಕ್ತು.”

“ಗೊಡ್ಡು ಅಂತ ಮಾರಕ್ಕೊಂಟಿದ್ರಲ್ಲ, ಅದಾ?”

“ಅದೇಯ. ಈ ಊರ ನೇಯೋರ ಮನೆ ಮೇಷ್ಟ್ರು ಬಂದು, ಒಳಗೆ ಕೈಯಾಕಿ ನೋಡಿ, ‘ಗೊಡ್ಡಲ್ಲ, ಮಾರ್ಬ್ಯಾಡಿ’ ಅಂತ ಗಬ್ಬ ನಿಲ್ಲೋ ಸೂಜಿ ಕೊಟ್ರು.”

“ಓರಿ ಇಲ್ದೆ ಉಟ್ಟಿದ ಕರ ಅಂತ ಊರೋರು ನಗ್ನಿಲ್ವಾ?”

“ನಕ್ರು. ಈಗ ಅವ್ರೇ ದನ ಇಡ್ಕಂಡು ಮೇಷ್ಟ್ರ ಮನೆ ಎಲ್ಲಿ ಅಂತ ಕೇಳ್ತಾವ್ರೆ.”

“ಮೊದ್ಲು ಮಾದಪ್ಪಂಗಲ್ವಾ ಒಪ್ಪಿಸೋದು?”

“ಮಾದಪ್ಪಂಗೆ ತುಪ್ಪ ಒಯ್ತೀನಿ. ಗಿಣ್ಣು ಮಾತ್ರ ಮೇಷ್ಟ್ರಿಗೇಯ.”

“ನೋಡುದ್ರೆ ಗುರ್ತು ಸಿಕ್ತದಾ?”

“ಸಿಕ್ದೆ ಏನು? ತೋಳ್ಗಂಟ ಸಗಣಿ ಮೆತ್ಕಂಡಿರೋ ಮೇಷ್ಟ್ರು ಇನ್ಯಾರವ್ರೆ?”

“ನಮ್ಮೆಮ್ಮೆನೂ ಗಬ್ಬ ನಿಂತಿಲ್ಲ. ನಡಿಯಕ್ಕ, ನಾನೂ ಬತ್ತೀನಿ.”

ಇಬ್ಬರೂ ನೇಕಾರರ ಬೀದಿಯತ್ತ ಹೊರಟರು. ಮೈಸೂರು ಬಸ್ಸು ಬಂದು ನಿಂತಿತು. ರಾಮಲಿಂಗಯ್ಯನವರು ಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಅಂಗಿಯ ತೋಳು ಮಡಚುತ್ತ, ತಮ್ಮ ಮನೆ ಹುಡುಕಿ ಹೊರಟ ತಪ್ಪಲೆಯ ಹಿಂದೆ ನಡೆದರು.