ಸಂಘದವರು ತುಂಬಿದ ಉಡಿ

ಹಲೋ... ಹಲೋ, ಯಾರ್ರಿ ಅದು? ಕಲಬುರ್ಗಿ ಮಹಿಳಾ ಸಂಘನಾ?... ಲಲಿತಾಬಾಯಿ ಅಕ್ಕೋರೇನ್ರಿ? ನಾ ಗುಂಡಮ್ಮ ರೀ, ವಾಡಿ ಸಂಘದಾಗ ಕಸಾ ಹೊಡಿಯೋ ಗುಂಡಮ್ಮ. ಪೋಸ್ಟಾಫೀಸಿನ ಮಜೀದಸಾಬರು ಟ್ರಂಕಾಲ್ ಹಚ್ಚಿ ಕೊಟ್ಟಾರ.

...

ಹಾಂ, ಸೂಗಮ್ಮನ ಮಾತೇ ರೀ. ಐತವಾರ ಮಹಿಳಾ ವರ್ಷದ ಸಭಾದಾಗ ಆಕೀನ್ನ ನಿಂದ್ರಸ್ತೀವಿ, ನಾಲ್ಕು ಮಾತು ಆಡಸ್ತೀವಿ ಅಂದಿದ್ರಲ್ಲ... ಆಕಿ ಬರಂಗಿಲ್ರಿ.

...

ಜ್ವರಾ ಅಲ್ರಿ. ಹೇಳ್ತೀನಿ, ತಡೀರಿ. ಮೊದಲಿಂದ ಹೇಳದಿದ್ರ ನನಗ ಹೇಳ್ಲಿಕ್ಕ ಬರಂಗಿಲ್ಲ. ತೊಗರಿ ಬಡಿಯೋ ದಿನ, ಇನ್ನಾ ನಸುಕು. ನಾ ಸಂಘದ ಬಾಗಿಲ ಮುಂದ ನೀರು ಹೊಡಿಲಿಕತ್ತಿದ್ದೆ. ಕೂಸಿನ್ನ ಬಗಲಾಗ ಹಿಡ್ಕೊಂಡು ಬಂದು ನಿಂತ್ಳು. ಶಹಾಬಾದ ಫರ್ಸಿಕಲ್ಲಿನ ಖಣ್ಯಾಗ ದುಡಿಯೋ ದೇವಿಂದ್ರಪ್ಪನ ಹೇಣ್ತಿ. ಕಿವ್ಯಾಗ ರಕ್ತ ಒಣಗಿತ್ತು. ನೆನಪದ ಹೌದಲ್ರಿ?

...

ಹಾಂ, ರಾಜಿ ಮಾಡ್ಸಿದ್ವಿ. ಇನ್ನ ಹೊಡಿಯಂಗಿಲ್ಲ ಅಂತ ಗಂಡನ ಹೆಬ್ಬೆಟ್ಟು ಒತ್ತಿಸ್ಕೊಂಡ್ರಿ, ಮಾವಂದು ಒತ್ತಿಸ್ಕೊಂಡ್ರಿ, ಸಾಕ್ಷಿ ಅಂತ ನಂದೂ. 'ಹೋಗ್ತಿಯೇನವಾ' ಅಂತ ಆಕೀಗಿ ಯಾರೂ ಕೇಳ್ಲಿಲ್ಲ. ಹೆಣ್ಮಕ್ಕಳ ಹಕ್ಕಿನ ಸಂಘ ನಮ್ದು... ನಾವೇ ಕೇಳ್ಲಿಲ್ಲ.

...

ನಿಮಗೊಬ್ಬರಿಗೇ ಅನ್ಲಿಕತ್ತಿಲ್ರಿ. ತಾಯಿ ಇಲ್ಲದ ಹುಡುಗಿ, ಸಂಘನೇ ತವರು ಅಂದ್ರಿ. ಉಡಿ ತುಂಬಿದ ಕೈ ನಂದಲ್ಲೇನು? ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಹಸರು ಖಣ. ಆಕಿ ಸೆರಗು ಹಿಡಿದು ನನ್ನ ಮಾರಿ ನೋಡಿದ್ಳು. ನಾ ಅಕ್ಕಿ ನೋಡಿದೆ.

...

ಸತ್ತಿಲ್ರಿ, ಹಂಗ ಅನಬ್ಯಾಡ್ರಿ. ರೈಲು ಹತ್ಯಾಳ. ಟೇಸನ್ ಮುಂದ ಬಳಿ ಮಾರೋ ಜೈತುನ್‌ಬೀ ನೋಡ್ಯಾಳ. ಗಂಡ ಮತ್ತ ಹೊಡದಿದ್ದ, ಮುಂಗೈ ಬಾತಿತ್ತಂತ. 'ಸಂಘ ಇಲ್ಲೇ ಅದಲ್ಲವಾ, ಗುಂಡಮ್ಮನ ಕಡಿ ನಡಿ' ಅಂದಾಳ. ಅದಕ್ಕ ಸೂಗಮ್ಮ ನಕ್ಕಳಂತ್ರಿ. 'ಅಲ್ಲಿ ಹೋದ್ರ ಮತ್ತ ಉಡಿ ತುಂಬಿ ಕಳಸ್ತಾರ. ನನ್ನ ಸೆರಗು ಹರದದ, ಅಕ್ಕಿ ನಿಂದ್ರಂಗಿಲ್ಲ.'

...

ಯಾವ ಊರಿಗೋ, ಯಾರಿಗಿ ಗೊತ್ತು... ವಾಡ್ಯಾಗಿಂದ ಎಲ್ಲಾ ಕಡಿ ಗಾಡಿ ಹೋಗ್ತಾವ. ನಮ್ಮ ಬಾಗಿಲ ಮುಂದೇ ಹಾದು ಹೋಗ್ಯಾಳ್ರಿ. ನಾ ಒಳಗ ಸಭಾದ ಜಮಖಾನ ಝಾಡಸಲಿಕತ್ತಿದ್ದೆ. ಬಾಗಿಲು ತೆರದೇ ಇತ್ತು.

...

ಏನಂದ್ರಿ? ಐತವಾರ ಓದೋ ಕಾಗದ ಛಾಪ ಆಗ್ಯದ? 'ಸೂಗಮ್ಮ ಸುಖವಾಗಿ ಸಂಸಾರ ಮಾಡುತ್ತಿದ್ದಾಳೆ' ಅಂತನಾ?... ಅದನ್ನ ಓದಬ್ಯಾಡ್ರಿ ಅಕ್ಕೋರ. ಕಾಲಿಗಿ ಬೀಳ್ತೀನಿ. ಎಲ್ಲ್ಯಾದ್ರೂ ಆಕಿ ಕಿವಿಗಿ ಬಿದ್ರ, ಮತ್ಯಾವ ಸಂಘದ ಬಾಗಿಲಿಗೂ ಹೋಗಂಗಿಲ್ಲ.

...

ಅದರ ಬದಲಿ ಏನು ಓದಬೇಕಾ?... ನನಗ ಬರಿಲಿಕ್ಕ ಬರಂಗಿಲ್ರಿ, ನೀವೇ ಬರಕೋರಿ. ಖರೇದ್ದು ಬರೀರಿ. ಕಲ್ಯಾಣಪ್ಪನ ಮಗಳು ಸೂಗಮ್ಮ. ನಾವು ಕೇಳ್ಲಿಲ್ಲ. ಇನ್ನಾ ನಡಿಲಿಕ್ಕ ಬರದ ಹೆಣ್ಣುಕೂಸಿನ್ನ ಎತ್ತಿಕೊಂಡು ಹೋದ್ಳು. ಮೊನ್ನಿ ಬೇಸ್ತವಾರ... ಹಲೋ? ಅಕ್ಕೋರ, ಬರಕೊಂಡ್ರೇನು? ಬೇಸ್ತವಾ...