ತಮ್ಮನ ಬಲಗೈ ಸುಟ್ಟ ಬಗ್ಗೆ ಗಾಜಕ್ಕನ ಹೇಳಿಕೆ

ನಾನು, ಓಣಿಯವರ ಬಾಯಲ್ಲಿ ಗಾಜಕ್ಕ, ವಯಸ್ಸು ಐವತ್ತಾರು, ಕಸುಬು ಗಾಜು ಊದುವುದು, ವಾಸ ಹಳೇ ಮಾರುಕಟ್ಟೆ ಹಿಂದಿನ ಗಾಜಿನ ಕಾರ್ಖಾನೆಯ ಮೇಲ್ಮಹಡಿ, ಸ್ವಬುದ್ಧಿಯಿಂದ ಹೇಳಿ ಬರೆಸುವುದೇನೆಂದರೆ:

ಈ ಕಸುಬನ್ನು ನಾನೂ ನನ್ನ ತಮ್ಮನೂ ಅಪ್ಪನಿಂದ ಕಲಿತೆವು. ಆಸ್ಪತ್ರೆ, ರೈಲು ನಿಲ್ದಾಣಗಳಿಗೆ ಬಣ್ಣದ ಕಿಟಕಿಗಳನ್ನು ಜೊತೆಯಾಗಿಯೇ ಮಾಡಿದೆವು. ನಾಲ್ಕು ವರ್ಷದಿಂದ ನಾನು ಭಾನುವಾರಗಳಂದು ಓಣಿಯವರಿಗೆ ಪುಕ್ಕಟೆಯಾಗಿ ಕಲಿಸುತ್ತಿದ್ದೇನೆ. ಈ ವರ್ಷ ಅಪ್ಪನ ಕೆಂಪು ಗಾಜಿನ ಪಾಕದ ಗುಟ್ಟನ್ನೂ ಹೇಳಿಕೊಟ್ಟೆ. ಅಂದಿನಿಂದ ತಮ್ಮ ನನ್ನೊಡನೆ ಮಾತು ಬಿಟ್ಟಿದ್ದನು.

ನಿನ್ನೆ ಮಧ್ಯಾಹ್ನ ಮೂರಕ್ಕೆ ಕಾರ್ಖಾನೆಯಲ್ಲಿ ತರಗತಿ ನಡೆದಿತ್ತು. ಕಲಿಯುವವರೆಲ್ಲ ಸೇರಿ ಓಣಿಯ ವಾಚನಾಲಯಕ್ಕೆಂದು ಮಾಡಿದ ಆರಡಿ ಕಿಟಕಿಯನ್ನು ಗೋಡೆಗೆ ಒರಗಿಸಿದ್ದೆವು. ತಮ್ಮ ಕಬ್ಬಿಣದ ಪೈಪು ಹಿಡಿದು ಒಳಬಂದನು. ಅಪ್ಪನ ವಿದ್ಯೆ ದಾರೀಲಿ ಹೋಗೋರ ಪಾಲಾಯ್ತಲ್ಲ ಎಂದನು. ಅಪ್ಪನೂ ಒಂದಿನ ದಾರೀಲಿ ಹೋಗೋನೇ ಆಗಿದ್ದ, ಯಾರೋ ಕರೆದು ಕಲಿಸಿದ್ರು ಎಂದೆ.

ಅವನು ಗಾಜಿನ ಸಾಮಾನಿದ್ದ ಕಪಾಟುಗಳನ್ನು ಹೊಡೆದು ಉರುಳಿಸಿದನು. ಆಮೇಲೆ ಕಿಟಕಿಯತ್ತ ನಡೆದನು. ನನ್ನಲ್ಲಿ ಕಲಿಯುವ ಬಸ್ ಕಂಡಕ್ಟರ್ ಹೆಂಗಸು ಅಡ್ಡ ನಿಂತು, ಇದೊಂದು ಬಿಟ್ಬಿಡಣ್ಣ, ನಾವು ಮಾಡಿದ್ದು ಎಂದಳು. ಅವನು ಪೈಪು ಬೀಸಿದನು. ಗಾಜು ಒಡೆಯುವ ಸದ್ದನ್ನು ಹುಟ್ಟಿದಾಗಿನಿಂದ ಕೇಳಿದವಳು ನಾನು. ಆಗ ಕೇಳಿದ್ದು ಆ ಸದ್ದಲ್ಲ. ಅವಳ ಮುಂಗೈ ಮಧ್ಯದಲ್ಲಿ ಬಾಗಿತ್ತು. ಚೂರುಗಳ ಮೇಲೆ ಮೊಣಕಾಲೂರಿ ಬಿದ್ದಳು.

ಅವನು ಮತ್ತೆ ಪೈಪು ಎತ್ತಿದನು. ಕುಲುಮೆಯಿಂದ ಆಗಷ್ಟೇ ತೆಗೆದ ಊದುಗೊಳವೆ ನನ್ನ ಕೈಯಲ್ಲಿತ್ತು. ತುದಿಯಲ್ಲಿ ಕರಗಿದ ಗಾಜಿನ ಉಂಡೆ. ಭುಜಕ್ಕೆ ತಿವಿಯಬಹುದಿತ್ತು. ನೋಡಿ ನೋಡಿಯೇ ಪೈಪು ಹಿಡಿದ ಬಲಗೈಗೆ ಒತ್ತಿದೆ. ಗಾಜು ಅಂಟಿಕೊಂಡಿತು, ಕಿತ್ತಾಗ ಚರ್ಮವೂ ಬಂತು. ಅವನು ಅಕ್ಕಾ ಎಂದು ಕೂಗಿದನು. ನಾನೇ ಅವನ ಕೈಯನ್ನು ನೀರಿನ ತೊಟ್ಟಿಗೆ ಅದ್ದಿ ಹಿಡಿದುಕೊಂಡೆ.

ಅವನ ಮೂರು ಬೆರಳು ಇನ್ನು ಮಡಚುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಇಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವನ ಹೆಂಡತಿ ನನ್ನ ಬಳಿ ಬಂದು, ಅವನು ಪೊಲೀಸರಿಗೆ, ನಾನೇ ಜಾರಿ ಕುಲುಮೆಗೆ ಕೈಯಿಟ್ಟೆ, ಕಂಡಕ್ಟರೂ ಜಾರಿ ಬಿದ್ದಳು ಎಂದು ಬರೆಸಿರುವುದಾಗಿ ತಿಳಿಸಿದಳು. ನೀವೂ ಹಂಗೇ ಹೇಳ್ಬಿಡಿ ಅತ್ತಿಗೆ, ನಿಮ್ಮನ್ನ ಉಳಿಸೋಕೇ ಅವರು ಹಂಗಂದಿದ್ದು, ಮನೆ ಮಾತು ಮನೇಲೇ ಇರ್ಲಿ ಎಂದು ಕೈಮುಗಿದಳು. ನಾನು ಅಲ್ಲಿಂದ ನೇರವಾಗಿ ಇಲ್ಲಿಗೆ ಬಂದೆ.

ಅವನು ಜಾರಲಿಲ್ಲ. ಅವಳೂ ಜಾರಲಿಲ್ಲ. ಅವಳ ಕೈಯನ್ನು ಅವನು ಮುರಿದನು, ಅವನ ಕೈಯನ್ನು ನಾನು ಸುಟ್ಟೆನು. ಎರಡನ್ನೂ ಬರೆದುಕೊಳ್ಳಬೇಕು.

ಮೇಲಿನದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಇದೇ ಸತ್ಯ.

ಸ್ಥಳ: ಮಾರುಕಟ್ಟೆ ಠಾಣೆ
ದಿನ: ಸೋಮವಾರ
ಸಹಿ: ಗಾಜಕ್ಕ